ಲ್ಯಾಂಪ್‌ಲೈಟರ್ ಪಬ್ಬಿನ ಕಾಣೆಯಾದ ಪುಸ್ತಕ

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಉಮಾನಾಥರು ಔಷಧಿ ಅಂಗಡಿಯೊಳಗೆ ನುಗ್ಗಿದಾಗ ನಾನು ಶೀತದ ಮಾತ್ರೆಗಾಗಿ ನಿಂತಿದ್ದೆ. ನನಗೆ ಶೀತವಿರಲಿಲ್ಲ. ಆಫೀಸಿಗೆ ಚಕ್ಕರ್ ಹೊಡೆದಿದ್ದೆ. ಮ್ಯಾನೇಜರು ಕೇಳಿದರೆ ತೋರಿಸಲು ಒಂದು ಡಬ್ಬಿ ಬೇಕಾಗಿತ್ತು. ಕೌಂಟರಿನ ಆಚೆ ಬಿಳಿ ಕೋಟು ಹಾಕಿಕೊಂಡಿದ್ದ ಸೌದಾಮಿನಿಯವರು ನನ್ನ ಮುಖವನ್ನು ಒಮ್ಮೆ ನೋಡಿ, ಏನನ್ನೂ ಕೇಳದೆ, ಅಂಗಡಿಯಲ್ಲಿದ್ದ ಅತಿ ಚಿಕ್ಕ ಡಬ್ಬಿಯನ್ನು ಮುಂದಿಟ್ಟಿದ್ದರು. ಅವರ ಹತ್ತಿರ ಸುಳ್ಳು ಹೇಳಿ ಗೆದ್ದವರನ್ನು ನಾನಿನ್ನೂ ಕಂಡಿಲ್ಲ.

ಸೌದಾಮಿನಿಯವರು ಮೈಸೂರಿನವರು, ಐವತ್ತಾರು ವರ್ಷ. ಯೂನಿಯನ್ ಸಿಟಿಯ ಬಾರ್ಟ್ ರೈಲು ಸ್ಟೇಷನ್ನಿನ ಹತ್ತಿರದ ಆ ಅಂಗಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಫಾರ್ಮಸಿಸ್ಟ್. ಎಂಥ ಡಾಕ್ಟರ ಕಾಗೆಕಾಲು ಅಕ್ಷರವನ್ನಾದರೂ ಓದಬಲ್ಲರು, ಎಂಥವರ ಮುಖವನ್ನಾದರೂ ಅಷ್ಟೇ ಸಲೀಸಾಗಿ. ನಮ್ಮ ಕನ್ನಡ ಕೂಟದಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಅನುಮಾನ ಪಟ್ಟರೂ ಕೊನೆಗೆ ಬರುವುದು ಅವರ ಬಳಿಗೇ. ಅವರಿಗಿರುವ ಒಂದೇ ಭಯ ಫ್ರೀವೇ ಹೆದ್ದಾರಿಯಲ್ಲಿ ಕಾರು ಓಡಿಸುವುದು. ಆದ್ದರಿಂದ ಅವರ ಪಕ್ಕದ ಅಪಾರ್ಟ್‌ಮೆಂಟಿನಲ್ಲಿರುವ ಶ್ರೀಕಂಠನೆಂಬ ನಾನು, ನನ್ನ ಹಳೆಯ ಡಾಟ್ಸನ್ ಕಾರಿನ ಸಮೇತ, ಅವರ ಎಲ್ಲ ಪತ್ತೇದಾರಿಕೆಗೂ ಸಾರಥಿ.

ಉಮಾನಾಥರು ಆರಡಿ ಆಳು, ಮಂಗಳೂರಿನವರು. ನೆವಾರ್ಕಿನಲ್ಲಿ ‘ಲ್ಯಾಂಪ್‌ಲೈಟರ್’ ಎಂಬ ಇಂಗ್ಲಿಷ್ ಪಬ್ಬಿನ ಯಜಮಾನರು. ಸದಾ ನಗುತ್ತಿದ್ದ ಮನುಷ್ಯ ಆ ದಿನ ಕೌಂಟರಿಗೆ ಎರಡೂ ಕೈ ಊರಿ ನಿಂತುಬಿಟ್ಟರು.

“ಅಕ್ಕ, ಪುಸ್ತಕ ಹೋಯ್ತು,” ಎಂದರು. “ನಾಳೆ ಆರು ಗಂಟೆಗೆ ಅದು ಸಿಗದಿದ್ದರೆ ನನ್ನ ಪಬ್ಬೂ ಹೋಯ್ತು ಅಂತ ಲೆಕ್ಕ.”

ಸೌದಾಮಿನಿಯವರು ಕೋಟು ಬಿಚ್ಚಿ ಮೊಳೆಗೆ ಹಾಕಿದರು. ನಾನು ಕಾರಿನ ಕೀ ತೆಗೆದೆ. ಶೀತದ ಮಾತು ಅಲ್ಲಿಗೆ ಮುಗಿಯಿತು.

ಆ ಪುಸ್ತಕದ ಕತೆ ಹೇಳಬೇಕಾದರೆ ಪಬ್ಬಿನ ಕತೆಯನ್ನೇ ಹೇಳಬೇಕು. ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ, ಹತ್ತಿಗಿರಣಿಗಳ ಒಂದು ಊರಿನ ಸಣ್ಣ ಓಣಿಯಲ್ಲಿ, ೧೮೬೮ರ ಅಕ್ಟೋಬರ್ ಹನ್ನೊಂದರಂದು ಜೋಸಾಯಾ ಆರ್ಮರಾಡ್ ಎಂಬಾತ ಪಬ್ ತೆರೆದ. ಬೀದಿಯ ಗ್ಯಾಸ್ ದೀಪಗಳನ್ನು ಉದ್ದ ಕೋಲಿನಿಂದ ಹಚ್ಚುವುದು ಅವನ ಕಸುಬು. ಪಬ್ಬಿಗೂ ಲ್ಯಾಂಪ್‌ಲೈಟರ್, ಅಂದರೆ ದೀಪ ಹಚ್ಚುವವ, ಎಂದೇ ಹೆಸರಿಟ್ಟ. ಗಿರಣಿ ಬಿಟ್ಟವರು ನೇರ ಅಲ್ಲಿಗೆ ಬರುತ್ತಿದ್ದರು. ಮುಷ್ಕರದ ಚಳಿಗಾಲದಲ್ಲಿ ಅವನ ಹೆಂಡತಿ ಬೀರಿನ ಬದಲು ಗಂಜಿಯಂಥ ಸೂಪು ಹಂಚಿದ್ದಳಂತೆ. ಗಂಡಸರ ಕಣ್ಣಿಗೆ ಬೀಳದೆ ಒಂದು ಲೋಟ ಕುಡಿಯಬೇಕೆನ್ನುವ ಮುದುಕಿಯರಿಗಾಗಿ ಪಕ್ಕದ ಬಾಗಿಲಿನಿಂದ ಹೋಗುವ ‘ಸ್ನಗ್’ ಎಂಬ ಪುಟ್ಟ ಕೋಣೆಯೂ ಇತ್ತು.

ಇಷ್ಟೆಲ್ಲ ತಿಳಿದದ್ದು ಈಗ ಕಾಣೆಯಾಗಿರುವ ಆ ಮನೆಪುಸ್ತಕದಿಂದ. ಮೊದಲ ದೀಪ ಹಚ್ಚಿದ ದಿನದಂದು ಪ್ರತಿವರ್ಷ ಪಬ್ಬಿನ ಯಜಮಾನ ಅದರಲ್ಲಿ ಒಂದು ಪುಟ ಬರೆಯಬೇಕು: ಆ ವರ್ಷ ಓಣಿಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಯುದ್ಧಕ್ಕೆ ಹೋದರು. ೧೯೭೯ರಲ್ಲಿ ರಸ್ತೆ ಅಗಲ ಮಾಡಲು ಓಣಿಯನ್ನೇ ಕೆಡವಿದಾಗ, ಜೋಸಾಯಾನ ಮೊಮ್ಮಗಳು ಈಡಿತ್ ಅಲ್ಲಿಯ ಕೊನೆಯ ಯಜಮಾನತಿ. ಉಮಾನಾಥರು ಅವರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದ್ದರು. ಕೌಂಟರು, ಗಡಿಯಾರ, ಹಿತ್ತಾಳೆ ಗಂಟೆ, ಕೆತ್ತನೆಯ ಗಾಜು ಎಲ್ಲವನ್ನೂ ಈಡಿತ್ ಅವರಿಗೇ ಒಪ್ಪಿಸಿದರು. ಡಾಕ್ಟರಾಗಿದ್ದ ಉಮಾನಾಥರ ಹೆಂಡತಿ ಸುಗುಣಾಗೆ ಇಲ್ಲಿ ಕೆಲಸ ಸಿಕ್ಕಿತು, ಪಬ್ಬೂ ಹಡಗು ಹತ್ತಿ ಹಿಂದೆಯೇ ಬಂತು.

ಉಮಾನಾಥರು ಅಲ್ಲಿಯ ಪದ್ಧತಿ ಒಂದನ್ನೂ ಬಿಟ್ಟಿಲ್ಲ. ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಬಾಗಿಲು ಹಾಕುತ್ತಾರೆ. ಗಿರಾಕಿಗಳು ಹೊತ್ತಿಗೆ ಸರಿಯಾಗಿ ಎದ್ದುಹೋಗಲೆಂದು ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿರುತ್ತಾರೆ. ಸ್ನಗ್ಗಿನಲ್ಲಿ ಮಾತ್ರ ನಮ್ಮ ಕಡೆಯ ಹೆಂಗಸರು ಪಕ್ಕದ ಬಾಗಿಲಿನಿಂದ ಬಂದು ಶುಂಠಿ ಚಹಾ ಕುಡಿದು ಗೋಳಿಬಜೆ ತಿನ್ನುತ್ತಾರೆ. ಇಂಗ್ಲಿಷ್ ಪಬ್ಬುಗಳಲ್ಲಿ ಕಾಯಂ ಗಿರಾಕಿಗಳ ಮಗ್ಗುಗಳನ್ನು ಕೊಕ್ಕೆಗೆ ನೇತುಹಾಕುವಂತೆ, ಅಲ್ಲಿ ಹೆಸರು ಕೆತ್ತಿಸಿದ ಸ್ಟೀಲ್ ಲೋಟಗಳು ಸಾಲಾಗಿ ನೇತಾಡುತ್ತಿರುತ್ತವೆ. ಯಾರ್ಯಾರ ಹೆಸರು ಎಂದು ನಾನು ಹೊರಗೆಲ್ಲೂ ಹೇಳಿಲ್ಲ.

ಆ ಬೆಳಗ್ಗೆ ಉಮಾನಾಥರು ನಮ್ಮನ್ನು ಕೌಂಟರಿನ ತುದಿಯ ಗಾಜಿನ ಪೆಟ್ಟಿಗೆಯ ಬಳಿಗೆ ಕರೆದೊಯ್ದರು. ಪೆಟ್ಟಿಗೆಗೆ ಬೀಗವಿಲ್ಲ, ಬರೀ ಕೊಂಡಿ. ಒಳಗೆ ಒಂದು ಚರ್ಮದ ಹೊದಿಕೆ ಮಲಗಿತ್ತು. ಈಡಿತ್‌ರ ತಂದೆ ಕೈಯಾರೆ ಹೊಲಿದದ್ದು, ಮೇಲೆ ಬಂಗಾರದ ಅಕ್ಷರ. ಅದರೊಳಗಿರಬೇಕಿದ್ದ ನೀಲಿ ಬಟ್ಟೆಯ ರಟ್ಟಿನ ಪುಸ್ತಕ ಇರಲಿಲ್ಲ. ಹೊದಿಕೆ ಗಾಳಿ ಹೋದ ದಿಂಬಿನಂತೆ ಚಪ್ಪಟೆಯಾಗಿತ್ತು. ಬೆಳಗ್ಗೆ ಧೂಳು ಒರೆಸಲು ಬಗ್ಗಿದಾಗಲೇ ಉಮಾನಾಥರಿಗೆ ಗೊತ್ತಾದದ್ದು.

“ನುಸಿ ಬಾರದ ಹಾಗೆ ಪುಟಗಳ ನಡುವೆ ಈಡಿತಮ್ಮ ಲ್ಯಾವೆಂಡರ್ ಹೂ ಇಟ್ಟಿದ್ರು. ಆ ವಾಸನೆಯೂ ಹೋಯ್ತು,” ಎಂದರು.

ಹೊದಿಕೆ ಬಿಟ್ಟದ್ದು ನಮ್ಮ ಕಣ್ಣಿಗೆ ಮಣ್ಣೆರಚಲು ಎಂದು ನಾನು ಹೇಳಿದೆ. ಸೌದಾಮಿನಿಯವರು ಪಕ್ಕದಲ್ಲೇ ಪೇರಿಸಿಟ್ಟಿದ್ದ ಹಳೆಯ ಪೇಪರುಗಳನ್ನೂ ದಪ್ಪನೆಯ ಟೆಲಿಫೋನ್ ಡೈರೆಕ್ಟರಿಯನ್ನೂ ತೋರಿಸಿ, ಮಣ್ಣೆರಚುವವನಿಗೆ ಒಳಗೆ ತುಂಬಲು ಇಷ್ಟು ಸಾಮಾನು ಕೈಗೆಟುಕುವಂತಿರುವಾಗ ಅವನೇಕೆ ತುಂಬಲಿಲ್ಲ ಎಂದು ಕೇಳಿದರು.

ಮುಂದಿನದನ್ನು ಉಮಾನಾಥರು ಇದುವರೆಗೆ ಯಾರಿಗೂ ಹೇಳಿರಲಿಲ್ಲವಂತೆ. ಈಡಿತ್ ಕೊಡುವಾಗ ಒಂದು ಕರಾರು ಮಾಡಿಕೊಂಡಿದ್ದರು. ಪುಸ್ತಕವೂ ಕೌಂಟರೂ ಅಗಲಬಾರದು. ಎಂದಾದರೂ ಅವರು ಬಂದು ನೋಡಿದಾಗ ಪುಸ್ತಕ ಇಲ್ಲದಿದ್ದರೆ ಕೌಂಟರು, ಗಂಟೆ, ಗಡಿಯಾರ, ಹೆಸರು ಎಲ್ಲವೂ ಅವರೂರಿನ ಮ್ಯೂಸಿಯಮ್ಮಿಗೆ. ಎಂಬತ್ತೊಂದು ವರ್ಷದ ಈಡಿತ್ ಆ ದಿನವೇ ಸಂಜೆ ವಿಮಾನ ಇಳಿಯುವವರಿದ್ದರು. ಶನಿವಾರ ಆರು ಗಂಟೆಗೆ ಪಬ್ಬಿನ ನೂರಹದಿನೆಂಟನೆಯ ಹುಟ್ಟುಹಬ್ಬ. ಮ್ಯೂಸಿಯಮ್ಮಿನ ಕ್ರಾಬ್‌ಟ್ರೀ ಎಂಬ ಸಣಕಲು ಮನುಷ್ಯ ಎರಡು ದಿನ ಮೊದಲೇ ಬಂದು ಟೇಪು ಹಿಡಿದು ಕೌಂಟರಿನ ಉದ್ದ ಅಳೆದುಕೊಂಡೂ ಆಗಿತ್ತು.

“ಕೊನೇ ಸಲ ಪುಸ್ತಕ ನೋಡಿದ್ದು ಯಾವಾಗ?” ಎಂದು ಸೌದಾಮಿನಿಯವರು ಕೇಳಿದರು.

ನಿನ್ನೆ ಗುರುವಾರ ಮಧ್ಯಾಹ್ನ, ಮೂರರ ಗಂಟೆ ಬಾರಿಸುವಾಗ, ಎಂದರು ಉಮಾನಾಥರು. ಅದಕ್ಕೆ ಮೊದಲು ಊಟದ ಹೊತ್ತಿನಲ್ಲಿ ಅವರೇ ಎಲ್ಲರೆದುರು ಒಂದು ಹೊಸ ಯೋಚನೆ ಹೇಳಿದ್ದರು: ಶನಿವಾರ ಪೇಪರಿನವರ ಮುಂದೆ ಈಡಿತಮ್ಮನೇ ೧೮೮೭ರ ಪುಟವನ್ನು ಓದಿ ಹೇಳಲಿ ಎಂದು. ಆ ಪುಟವೆಂದರೆ ಉಮಾನಾಥರಿಗೆ ಜೀವ. ಆ ವರ್ಷದ ಚಳಿಗಾಲದಲ್ಲಿ ಕಾಂತಪ್ಪನೆಂಬ ಮಂಗಳೂರಿನ ನಾವಿಕನೊಬ್ಬ ಪಬ್ಬಿನಲ್ಲಿ ಮೂರು ತಿಂಗಳು ಉಳಿದು, ಓಣಿಯವರಿಗೆಲ್ಲ ಮೀನಿನ ಗಸಿ ಮಾಡಿ ಬಡಿಸಿದ್ದನೆಂದು ಅರವಿಂದ ಅದರಲ್ಲಿ ಕಂಡುಹಿಡಿದಿದ್ದ. ಅರವಿಂದ ನಮ್ಮ ಗೆಳೆಯ, ಕಂಪ್ಯೂಟರ್ ಕಂಪನಿಯೊಂದರಲ್ಲಿ ಮ್ಯಾನ್ಯುಯಲ್ ಬರೆಯುವ ಕೆಲಸದವನು. ಹತ್ತೊಂಬತ್ತನೆಯ ಶತಮಾನದ ಪಬ್ಬಿನ ಚರಿತ್ರೆಯೆಂದು ಕಿರುಪುಸ್ತಕ ಬರೆದಿದ್ದ. ಕಾಂತಪ್ಪನ ಕತೆ ಗೋಡೆಯ ಫಲಕಕ್ಕೆ ಏರಿತ್ತು, ಊಟದ ಮೆನುವಿಗೂ ಬಂದಿತ್ತು.

ಮುಚ್ಚಿದ ಹೊತ್ತಿನಲ್ಲಿ ಯಾರು ಬೇಕಾದರೂ ಬರಬಹುದಿತ್ತು. ಹಿಂಬಾಗಿಲ ಕೀ ಹೂಕುಂಡದ ಕೆಳಗಿರುವುದು ಎಲ್ಲರಿಗೂ ಗೊತ್ತು. ಹುಟ್ಟುಹಬ್ಬದ ತಯಾರಿಗೆಂದು ಅರವಿಂದ ಬಂದು ಹೋಗುತ್ತಿದ್ದ. ನಾಲ್ಕು ಗಂಟೆಗೆ ಲಾಸ್ ಆಲ್ಟೋಸಿನ ಹೃದಯದ ಡಾಕ್ಟರು ಅನಂತಪದ್ಮನಾಭರ ಕಾರು ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದನ್ನು ಅಡುಗೆಯ ವೀರಣ್ಣ ಕಂಡಿದ್ದ. ಅನಂತಪದ್ಮನಾಭರು ಹೆಂಡದಂಗಡಿಯ ಹೊಸ್ತಿಲು ದಾಟುವವರಲ್ಲ. ಹೊರಗೇ ನಿಂತು ಹಾರ್ನ್ ಹೊಡೆಯುವವರು. ಆ ಅಂಗಡಿ ಮುಚ್ಚಿದ ದಿನ ಊರಿಗೆಲ್ಲ ಸಿಹಿ ಹಂಚುತ್ತೇನೆಂದು ಕನ್ನಡ ಕೂಟದ ಮೀಟಿಂಗಿನಲ್ಲಿ ಮೈಕಿನಲ್ಲೇ ಹೇಳಿದ್ದವರು. ಮನೆಯ ಪೂಜೆಗೆ ಕರೆಯಲು ಬಂದಿದ್ದೆ, ಯಾರೂ ಇರಲಿಲ್ಲ, ಹೊರಟುಬಂದೆ ಎಂದು ಫೋನಿನಲ್ಲಿ ನಮಗೆ ಹೇಳಿದರು.

ಕ್ರಾಬ್‌ಟ್ರೀ ಮೋಟೆಲಿನಿಂದ ಬಂದ. ನಿನ್ನೆ ಪುಸ್ತಕದ ಫೋಟೋ ತೆಗೆದು ಮೂರಕ್ಕೆ ಐದು ನಿಮಿಷ ಇರುವಾಗಲೇ ಹೊರಟೆ, ಮೂರಕ್ಕೆ ಟ್ಯಾಕ್ಸಿ ಹತ್ತಿ ಬರ್ಕ್ಲಿಯ ಲೈಬ್ರರಿಗೆ ಹೋದೆ, ಎಂದ. ಪೊಲರಾಯ್ಡ್ ಚಿತ್ರವನ್ನೂ ತೋರಿಸಿದ. ಚಿತ್ರದಲ್ಲಿ ಪೆಟ್ಟಿಗೆಯ ಮೇಲಿನ ಗಡಿಯಾರ ಮೂರು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ನನಗೆ ರೋಮಾಂಚನವಾಯಿತು. ಸೌದಾಮಿನಿಯವರನ್ನು ಪಕ್ಕಕ್ಕೆ ಕರೆದು, ಸುಳ್ಳುಗಾರ ತಾನೇ ಸಾಕ್ಷಿ ಕೊಟ್ಟು ಸಿಕ್ಕಿಬಿದ್ದಿದ್ದಾನೆ ಎಂದು ಪಿಸುಗುಟ್ಟಿದೆ.

“ಶ್ರೀಕಂಠ, ಐದು ವರ್ಷದಿಂದ ಈ ಗಡಿಯಾರದ ಕೆಳಗೆ ಕೂತು ಮಸಾಲೆ ಕಡಲೆ ತಿಂತಾ ಇದ್ದೀರಿ,” ಎಂದರು ಅವರು. “ಅದು ಹತ್ತು ನಿಮಿಷ ಮುಂದೆ ಇದೆ. ಆ ಮನುಷ್ಯ ಹೇಳ್ತಿರೋದು ಪೂರ್ತಿ ನಿಜ.”

ಅರವಿಂದ ಮೂಲೆಯ ಮೇಜಿನಲ್ಲಿ ತನ್ನ ಚರಿತ್ರೆಯ ಟೈಪು ಮಾಡಿದ ಹಸ್ತಪ್ರತಿಯನ್ನು ಹರವಿಕೊಂಡು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದ. ಪುಸ್ತಕ ಕಾಣೆಯಾದದ್ದಕ್ಕೆ ಬಹಳ ಪೇಚಾಡಿದ. ೧೮೮೭ರ ಪುಟವನ್ನು ತಾವು ಕಳೆದ ತಿಂಗಳೇ ಓದಲು ಕೇಳಿದ್ದನ್ನು ಸೌದಾಮಿನಿಯವರು ನೆನಪಿಸಿದರು. ಅಕ್ಷರ ತುಂಬ ಕಷ್ಟ, ನಿಮಗೇಕೆ ತೊಂದರೆ ಎಂದು ಅವನು ತಳ್ಳಿಹಾಕಿದ್ದ. ಈಗಲೂ ಅದನ್ನೇ ಹೇಳಿದ. ಅಷ್ಟರಲ್ಲಿ ಉಮಾನಾಥರು ಕರಾರಿನ ವಿಷಯ ಅವನಿಗೂ ಹೇಳಿದರು. ಅರವಿಂದನ ಕಾಫಿ ಅರ್ಧಕ್ಕೇ ನಿಂತಿತು.

“ಇದು ನಂಗೆ ಗೊತ್ತೇ ಇರ್ಲಿಲ್ವಲ್ಲ ಸಾರ್,” ಎಂದ. ಲೋಟ ಕೆಳಗಿಟ್ಟು, “ಭಾನುವಾರ ಸಿಕ್ಕಿದ್ರೆ ಆಗಲ್ವಾ?” ಎಂದು ಕೇಳಿದ.

ಪಾಪ, ಎಷ್ಟು ಒಳ್ಳೆಯ ಹುಡುಗ, ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡೆ.

ವಾಪಸು ಬರುವಾಗ ಸೌದಾಮಿನಿಯವರು ಕಾರಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ನಿನ್ನೆ ಸಂಜೆ ಜಲಜಾರ ಮನೆಯಲ್ಲಿ ನಡೆದದ್ದೆಲ್ಲ ಮೊದಲಿನಿಂದ ಹೇಳಿ, ಯಾವುದನ್ನೂ ಬಿಡಬೇಡಿ. ತಮಗೆ ಅಂಗಡಿ ಬಿಟ್ಟು ಬರಲಾಗದೆ ತಮ್ಮ ದಪ್ಪ ಔಷಧಿ ಪುಸ್ತಕವನ್ನು ನನ್ನ ಕೈಲಿ ಕಳಿಸಿದ್ದರು. ಜಲಜಾ ಅನಂತಪದ್ಮನಾಭರ ಹೆಂಡತಿ. ಅವರ ಮನೆಯ ನವರಾತ್ರಿ ಗೊಂಬೆ ನಮ್ಮ ಕಡೆಯವರಿಗೆಲ್ಲ ಹಬ್ಬ; ಸರಸ್ವತಿ ಪೂಜೆಗೆ ಸುತ್ತಮುತ್ತಲಿನವರು ತಮ್ಮ ತಮ್ಮ ಪುಸ್ತಕಗಳನ್ನು ಅಲ್ಲಿಗೇ ತಂದು ಇಡುತ್ತಾರೆ. ಒಮ್ಮೆ ಇಟ್ಟ ಮೇಲೆ ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ಈ ಸಲ ವಿಜಯದಶಮಿ ಭಾನುವಾರ.

ನಾನು ನೆನಪು ಮಾಡಿಕೊಂಡು ಹೇಳಿದೆ. ಬಾಗಿಲಲ್ಲೇ ಅನಂತಪದ್ಮನಾಭರು ನಿಂತು, ಚರ್ಮದ ಸಾಮಾನು ಪೂಜೆಯ ಹತ್ತಿರ ಬರಕೂಡದೆಂದು ನನ್ನ ಚರ್ಮಪಟ್ಟಿಯ ವಾಚು, ಪರ್ಸು, ಬೆಲ್ಟು ಎಲ್ಲ ಬಿಚ್ಚಿಸಿದ್ದರು. ನಾನು ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಪ್ರಸಾದ ಹಿಡಿದುಕೊಂಡೇ ಸಂಜೆಯೆಲ್ಲ ಕಳೆದೆ. ನನ್ನ ಎಲೆಕ್ಟ್ರಾನಿಕ್ಸ್ ಪುಸ್ತಕ ಇಟ್ಟೆ. ಮಕ್ಕಳು ಸ್ಕೂಲಿನ ಪುಸ್ತಕ ಇಟ್ಟು, ಮೂರು ದಿನ ಹೋಮ್‌ವರ್ಕ್ ಇಲ್ಲವೆಂದು ಇಂಗ್ಲಿಷಿನಲ್ಲಿ ಕುಣಿದರು. ಅರವಿಂದ ತನ್ನ ಚರಿತ್ರೆಯ ಹಸ್ತಪ್ರತಿಯೆಂದು ರೇಷ್ಮೆ ವಸ್ತ್ರದಲ್ಲಿ ಸುತ್ತಿದ ಗಂಟೊಂದನ್ನು ತಂದು, ತಾನೇ ಎಲ್ಲಕ್ಕಿಂತ ಒಳಗಡೆ ಇಟ್ಟು ನಮಸ್ಕಾರ ಮಾಡಿದ. ಪಕ್ಕದಲ್ಲಿ ಹಾದುಹೋದಾಗ ಹೊಸ ಸೋಪಿನಂಥ ವಾಸನೆ ಬಂತು. ಹಬ್ಬಕ್ಕೆಂದು ತಲೆ ಸ್ನಾನ ಮಾಡಿರಬೇಕು ಎಂದುಕೊಂಡಿದ್ದೆ.

ಸೌದಾಮಿನಿಯವರು ಕಿಟಕಿಯಾಚೆ ನೋಡುತ್ತ ನಗತೊಡಗಿದರು. ಏನೆಂದು ಕೇಳಿದರೆ ಹೇಳಲಿಲ್ಲ. ಮನೆಗೆ ಬಂದವರೇ ಜಲಜಾರಿಗೆ ಫೋನು ಮಾಡಿ, ಶನಿವಾರ ನಾಲ್ಕು ಗಂಟೆಗೆ ಈಡಿತ್‌ರನ್ನು ಅರಿಶಿನ ಕುಂಕುಮಕ್ಕೆ ಕರೆಯಿರಿ, ಕ್ರಾಬ್‌ಟ್ರೀ, ಉಮಾನಾಥ, ಅರವಿಂದ ಎಲ್ಲರೂ ಬರಲಿ, ನಿಮ್ಮ ಯಜಮಾನರೂ ಮನೆಯಲ್ಲೇ ಇರಲಿ, ಎಂದರು.

ಶನಿವಾರ ಡಂಬಾರ್ಟನ್ ಸೇತುವೆ ದಾಟಿ ನಾವು ಲಾಸ್ ಆಲ್ಟೋಸಿಗೆ ಹೋದಾಗ ಈಡಿತ್ ಆಗಲೇ ಗೊಂಬೆಗಳ ಮುಂದೆ ಕುರ್ಚಿಯಲ್ಲಿ ಕುಳಿತಿದ್ದರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಕಡಲೆಕಾಳಿನ ಉಸಲಿಯ ತಟ್ಟೆ. ಪುಟ್ಟ ದೇಹ, ಚೂಪು ಕಣ್ಣು. ಉಮಾನಾಥರು ಅವರ ಪಕ್ಕದಲ್ಲಿ ಪರೀಕ್ಷೆಗೆ ಓದದೆ ಬಂದವರಂತೆ ನಿಂತಿದ್ದರು. ಪುಸ್ತಕ ಕಳೆದದ್ದನ್ನು ಬೆಳಗ್ಗೆಯೇ ಒಪ್ಪಿಕೊಂಡಾಗಿತ್ತು. ಕ್ರಾಬ್‌ಟ್ರೀ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಬಾಗಿಲಲ್ಲಿ ಅವನಿಂದಲೂ ಬೆಲ್ಟು ಬಿಚ್ಚಿಸಿದ್ದರು, ಅದೊಂದೇ ನನಗೆ ಸಮಾಧಾನ.

ಸೌದಾಮಿನಿಯವರು ಎದ್ದು ನಿಂತರು. ಈಡಿತ್ ಮತ್ತು ಕ್ರಾಬ್‌ಟ್ರೀಗಾಗಿ ಇಂಗ್ಲಿಷಿನಲ್ಲಿ, ಉಳಿದವರಿಗಾಗಿ ಕನ್ನಡದಲ್ಲಿ, ಎರಡೂ ಕೈ ಕಟ್ಟಿಕೊಂಡು ಪಾಠ ಹೇಳುವಂತೆ ಶುರು ಮಾಡಿದರು.

“ನಂಗೆ ಮೊದಲು ಬಡಿದದ್ದು ಚರ್ಮದ ಹೊದಿಕೆ. ಮ್ಯೂಸಿಯಮ್ಮಿನವರಿಗೆ ಅದು ಪುಸ್ತಕದಷ್ಟೇ ಅಮೂಲ್ಯ, ಅವರು ಬಿಡ್ತಿರ್ಲಿಲ್ಲ. ಪಬ್ಬಿನ ಮೇಲೆ ಸಿಟ್ಟಿದ್ದು ಪುಸ್ತಕ ಹಾಳು ಮಾಡಬೇಕು ಅನ್ನೋರು ನಿಂತು ಹೊದಿಕೆ ಬಿಡಿಸ್ತಾ ಕೂರಲ್ಲ. ಯಾಮಾರಿಸೋಕೆ ಅಂದ್ರೆ ಒಳಗೆ ಏನಾದ್ರೂ ತುರುಕಿರ್ತಿದ್ರು. ಹಾಗಾದ್ರೆ ಒಂದೇ ಕಾರಣ ಉಳೀತು. ಪುಸ್ತಕ ಹೋಗ್ತಿದ್ದ ಜಾಗಕ್ಕೆ ಚರ್ಮ ಹೋಗೋ ಹಾಗಿರ್ಲಿಲ್ಲ.”

ಅನಂತಪದ್ಮನಾಭರು ತಲೆ ಎತ್ತಿದರು. ಸೌದಾಮಿನಿಯವರು ಮುಂದುವರಿಸಿದರು. ಗುರುವಾರ ಮಧ್ಯಾಹ್ನದವರೆಗೆ ಆ ಪುಸ್ತಕವನ್ನು ಎಲ್ಲರೆದುರು ತೆರೆಯುವ ಯೋಚನೆಯೇ ಯಾರಿಗೂ ಇರಲಿಲ್ಲ. ೧೮೮೭ರ ಪುಟ ಓದಿಸುತ್ತೇನೆಂದು ಉಮಾನಾಥರು ಹೇಳಿದ ಮಧ್ಯಾಹ್ನವೇ ಅದು ಮಾಯವಾಯಿತು. ಅಂದರೆ ಕಳ್ಳನಿಗೆ ಬೇಕಾದದ್ದು ಪುಸ್ತಕವಲ್ಲ, ಶನಿವಾರ ಸಂಜೆ ಅದು ತೆರೆಯದಿರುವುದು ಅಷ್ಟೇ. ಅದೇ ಸಂಜೆ ಒಬ್ಬ ತನ್ನ ಹಸ್ತಪ್ರತಿಯೆಂದು ಒಂದು ಗಂಟನ್ನು ಇಲ್ಲಿ ಪೂಜೆಗಿಟ್ಟ. ಆದರೆ ಶುಕ್ರವಾರ ಬೆಳಗ್ಗೆ ಅದೇ ಹಸ್ತಪ್ರತಿಯನ್ನು ಪಬ್ಬಿನಲ್ಲಿ ಕುಳಿತು ತಿದ್ದುತ್ತಿದ್ದ. ಪೂಜೆಗಿಟ್ಟದ್ದನ್ನು ತೆಗೆಯುವ ಹಾಗಿಲ್ಲ. ಅಂದಮೇಲೆ ಗಂಟಿನಲ್ಲಿರುವುದು ಬೇರೇನೋ. ಶ್ರೀಕಂಠನ ಮೂಗಿಗೆ ಬಡಿದ ಸೋಪಿನ ವಾಸನೆ ಲ್ಯಾವೆಂಡರಿನದು. ಇನ್ನು ಕೊನೆಯದು, ಭಾನುವಾರ ಸಿಕ್ಕರೆ ಆಗುವುದಿಲ್ಲವೇ ಎಂಬ ಪ್ರಶ್ನೆ. ಸೋಮವಾರವಲ್ಲ, ಮುಂದಿನ ವಾರವಲ್ಲ, ಭಾನುವಾರ. ಆ ದಿನ ಏನು ವಿಶೇಷವೆಂದು ನಮ್ಮವರಿಗಷ್ಟೇ ಗೊತ್ತು.

“ಯಾರೂ ಮೂರು ದಿನ ಕೈ ಹಾಕದ ಜಾಗ ಈ ಊರಲ್ಲಿ ಇದೊಂದೇ. ಬ್ಯಾಂಕಿನ ಲಾಕರ್‌ಗಿಂತ ಭದ್ರ,” ಎಂದರು. “ಬುದ್ಧಿ ಚೆನ್ನಾಗೇ ಓಡಿಸಿದೆ ಅರವಿಂದ. ಸುತ್ತಿಟ್ಟ ಮೇಲೆ ಒಳಗೆ ಚರ್ಮ ಇದ್ರೆ ಯಾರಿಗೆ ಕಾಣ್ತಿತ್ತು? ಆದ್ರೆ ಸರಸ್ವತಿ ಮುಂದೆ ಚರ್ಮ ಇಡೋಕೆ ನಿನ್ನ ಕೈ ಬರಲಿಲ್ಲ. ಕದಿಯೋವಾಗಲೂ ಮಡಿ ಬಿಡಲಿಲ್ಲ ನೀನು, ಅದಕ್ಕೇ ಸಿಕ್ಕಿಬಿದ್ದೆ.”

ಅರವಿಂದನಿಗೆ ಮೂವತ್ತೆರಡು ವರ್ಷ. ಆ ಗಳಿಗೆಯಲ್ಲಿ ಹನ್ನೆರಡಾಗಿದ್ದ. ಎಲ್ಲವನ್ನೂ ಒಪ್ಪಿಕೊಂಡ. ೧೮೮೭ರ ಪುಟದಲ್ಲಿ ಕಾಂತಪ್ಪನಿಲ್ಲ, ಮೀನಿನ ಗಸಿಯಿಲ್ಲ. ಆ ಪುಸ್ತಕದಲ್ಲಿ ನಮ್ಮವರು ಯಾರಾದರೂ ಇದ್ದಾರಾ ನೋಡು ಎಂದು ಉಮಾನಾಥರು ಪ್ರತಿವಾರ ಕೇಳುತ್ತಿದ್ದರಂತೆ. ಇಲ್ಲ ಎಂದಾಗಲೆಲ್ಲ ಅವರ ಮುಖ ಬಾಡುವುದನ್ನು ನೋಡಲಾಗದೆ, ಒಂದು ದಿನ ಇದ್ದಾನೆ ಎಂದುಬಿಟ್ಟ. ಆಮೇಲೆ ಕತೆ ಅವನ ಕೈಮೀರಿ ಗೋಡೆ ಹತ್ತಿತು. ಈಡಿತ್ ಬಂದು ಹೋದ ಮೇಲೆ ಪುಸ್ತಕವನ್ನು ಸದ್ದಿಲ್ಲದೆ ವಾಪಸು ಇಡುವವನಿದ್ದ. ಕರಾರಿನ ವಿಷಯ ತಿಳಿದಾಗ ತೆಗೆಯೋಣವೆಂದರೆ ಪೂಜೆಯಲ್ಲಿತ್ತು.

“ಎಷ್ಟು ಜನರ ಹತ್ರ ಹೇಳಿದೆ ನಾನು ಆ ಕಾಂತಪ್ಪನ ಕತೆ,” ಎಂದಷ್ಟೇ ಹೇಳಿದರು ಉಮಾನಾಥರು. ಬೈದಿದ್ದರೆ ಅರವಿಂದನಿಗೆ ಹಗುರವಾಗುತ್ತಿತ್ತು.

ಅವರು ಗಂಟನ್ನು ತೆಗೆಯಲು ಬಗ್ಗಿದರು. “ಮುಟ್ಟಬೇಡಿ,” ಎಂದರು ಅನಂತಪದ್ಮನಾಭರು.

ಹೆಂಡದಂಗಡಿಯ ಪುಸ್ತಕಕ್ಕೆ ಮೂರು ದಿನ ಎರಡು ಹೊತ್ತು ಮಂಗಳಾರತಿ ಎತ್ತಿದ ಮನುಷ್ಯ ಈಗ ಏನು ಮಾಡುತ್ತಾರೋ ಎಂದು ನಾನು ಪ್ಯಾಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಜಲಜಾ ಕಣ್ಣು ಮುಚ್ಚಿಕೊಂಡಿದ್ದರು.

“ಎಲ್ಲಿಂದ ಬಂತು ಅನ್ನೋದು ಆಮೇಲಿನ ಮಾತು,” ಎಂದರು ಅನಂತಪದ್ಮನಾಭರು. “ಪೂಜೆಗೆ ಇಟ್ಟಾಯ್ತು, ಈಗ ಅದು ಸರಸ್ವತಿ. ನಾಳೆ ಬೆಳಗ್ಗೆ ಪುನಃಪೂಜೆ ಆಗೋವರೆಗೂ ನನ್ನ ಮನೇಲಿ ಅದನ್ನ ಯಾರೂ ಕದಲಿಸೋ ಹಾಗಿಲ್ಲ.”

ಕ್ರಾಬ್‌ಟ್ರೀ ಕೆಮ್ಮಿದ. ಕರಾರಿನ ಪ್ರಕಾರ ಇವತ್ತು ಆರು ಗಂಟೆಗೆ ಪುಸ್ತಕ ಪಬ್ಬಿನಲ್ಲಿರಬೇಕು ಎಂದ. ಈಡಿತ್ ಅವನತ್ತ ನೋಡಲಿಲ್ಲ. ಹೂವಿನಡಿ ಇದ್ದ ರೇಷ್ಮೆಯ ಗಂಟನ್ನೇ ಬಹಳ ಹೊತ್ತು ನೋಡಿದರು. ಬೀರು ಚೆಲ್ಲದ ಕಡೆ ಇಡಿ ಎಂದು ನಮ್ಮಪ್ಪ ಕೇಳುತ್ತಿದ್ದದ್ದು ಅಷ್ಟೇ, ಇಷ್ಟು ಚೆನ್ನಾಗಿ ಅದನ್ನು ಯಾರೂ ಇಟ್ಟಿರಲಿಲ್ಲ ಎಂದರು. ನಾಳೆಯವರೆಗೆ ಕಾಯುತ್ತೇನೆ ಎಂದೂ ಹೇಳಿದರು. ಆದರೆ ಸುಳ್ಳಿನ ವಿಷಯದಲ್ಲಿ ನಗಲಿಲ್ಲ. ಗಂಡ ಚರಂಡಿಗೆ ಬಿದ್ದ ದಿನವನ್ನೂ ತನ್ನ ಅಜ್ಜಿ ಮುಚ್ಚಿಡದೆ ಬರೆದಿದ್ದಾಳೆ, ಫಲಕ ಇಳಿಸಿ ಎಂದರು. ಆಮೇಲೆ ಉಮಾನಾಥರತ್ತ ತಿರುಗಿ, ನಿನ್ನ ಐದು ವರ್ಷದ ಪುಟಗಳನ್ನು ನಾಳೆ ಓದುತ್ತೇನೆ ಎಂದರು.

ಉಮಾನಾಥರ ತಲೆ ಇನ್ನೂ ಬಗ್ಗಿತು. ಒಂದು ಸಾಲನ್ನೂ ಬರೆದಿರಲಿಲ್ಲ.

“ನಾನು ಯಾರು ಮೇಡಂ ಅದರಲ್ಲಿ ಬರೀಲಿಕ್ಕೆ?” ಎಂದರು. “ಅಲ್ಲಿರುವುದು ನಿಮ್ಮ ಜನ. ನನ್ನವರು ಅಂತ ಒಬ್ಬನೂ ಇಲ್ಲ. ಇದ್ದಾನೆ ಅಂತ ಇವ ಹೇಳಿದ, ಈಗ ಅವನೂ ಹೋದ.”

ನೀನು ಕೊನೆಯ ಪುಟ ಓದಿದ್ದೀಯಾ ಎಂದು ಈಡಿತ್ ಕೇಳಿದರು. ಉಮಾನಾಥರು ಓದಿರಲಿಲ್ಲ. ಆ ಓರೆ ಅಕ್ಷರ ಅವರಿಗೆ ಬಿಡಿಸಲು ಬಾರದು. ಅದಕ್ಕಿಂತ ಹೆಚ್ಚಾಗಿ, ಕೊನೆಯ ಪುಟ ತೆರೆದರೆ ಪಕ್ಕದಲ್ಲೇ ತಾವು ಬರೆಯಬೇಕಿದ್ದ ಖಾಲಿ ಹಾಳೆ ಕಾಣುತ್ತದೆಂಬ ಅಂಜಿಕೆ. ಅರವಿಂದನೂ ಹತ್ತೊಂಬತ್ತನೆಯ ಶತಮಾನ ಮುಗಿದಲ್ಲಿಗೆ ನಿಲ್ಲಿಸಿದ್ದ. ಈಡಿತ್ ಉಸಲಿ ಮುಗಿಸಿದರು. ಆ ಸಂಜೆ ಲ್ಯಾಂಪ್‌ಲೈಟರಿನ ಹೊರಗಿನ ದೀಪ ಹಚ್ಚಲಿಲ್ಲ.

ಭಾನುವಾರ ಬೆಳಗ್ಗೆ ಪುನಃಪೂಜೆ ಮುಗಿಯಿತು. ಪೂಜೆಯಾದ ಪುಸ್ತಕವನ್ನು ಕಂಡಕಂಡವರ ಕೈಗೆ ಕೊಡಲಾಗದೆಂದು ಅನಂತಪದ್ಮನಾಭರು ತಾವೇ ಅದನ್ನು ತೊಡೆಯ ಮೇಲಿಟ್ಟುಕೊಂಡರು, ಜಲಜಾ ಕಾರು ಓಡಿಸಿದರು. ನಾವು ಹಿಂದೆ ಹೋದೆವು. ಪಬ್ಬಿನ ಮುಂದೆ ಅವರು ಅಭ್ಯಾಸಬಲದಿಂದ ಹೊರಗೇ ನಿಂತರು. ಒಳಗೆ ಎಲ್ಲರೂ ಕಾಯುತ್ತಿದ್ದರು. ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ಹೊಸ್ತಿಲು ನೋಡಿದರು, ಬಲಗಾಲಿಟ್ಟು ಒಳಗೆ ಬಂದರು.

ಈಡಿತ್ ಕೌಂಟರಿನ ಮೇಲೆ ಪುಸ್ತಕ ಬಿಡಿಸಿದರು. ಲ್ಯಾವೆಂಡರಿನ ಜೊತೆ ಈಗ ಕರ್ಪೂರದ ವಾಸನೆಯೂ ಇತ್ತು. ೧೯೭೯ರ ಪುಟ ಅವರದೇ ಕೈಬರಹ. ಸೌದಾಮಿನಿಯವರ ಮುಂದೆ ಸರಿಸಿ, ಉಮಾನಾಥನ ಭಾಷೆಯಲ್ಲೇ ಓದಿ ಎಂದರು. ಸೌದಾಮಿನಿಯವರು ಕನ್ನಡಕ ಸರಿಮಾಡಿಕೊಂಡು ಓದಿದರು:

“ಇವತ್ತು ದೀಪ ಕೊನೆಯ ಸಲ ಹಚ್ಚಿದೆವು. ಕೌಂಟರನ್ನು ಮುರಿದು ಸಾಗಿಸುತ್ತೇವೆಂದು ಲಾರಿಯವರು ಬಂದರು. ಮಂಗಳೂರಿನಿಂದ ಬಂದ ನಮ್ಮ ಉಮಾನಾಥ ಅವರನ್ನು ಹೊರಗೆ ಕಳಿಸಿದ. ನಾಲ್ಕು ದಿನ ಕುಳಿತು ಒಂದೊಂದು ಮೊಳೆಯನ್ನೂ ಕೈಯಿಂದ ಬಿಡಿಸಿ, ಒಂದೊಂದು ಹಲಗೆಗೂ ತನ್ನೂರಿನ ಅಂಕಿಯಲ್ಲಿ ನಂಬರು ಬರೆದ. ನನ್ನ ಅಜ್ಜ ಈ ಮನೆ ಕಟ್ಟಿದ. ಅದನ್ನು ಇಷ್ಟು ಚೆನ್ನಾಗಿ ಬಲ್ಲವನು ಅವನ ನಂತರ ಇವನೊಬ್ಬನೇ. ಮುಂದಿನ ಪುಟ ಅವನದು.”

ಉಮಾನಾಥರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ದೊಡ್ಡ ಭುಜಗಳು ಅಲುಗುವುದನ್ನು ನೋಡಿ ನನ್ನ ಕಣ್ಣೂ ಮಂಜಾಯಿತು. ಅರವಿಂದ ಕುರ್ಚಿ ಹತ್ತಿ ಫಲಕದ ತಿರುಪು ಬಿಚ್ಚುತ್ತಿದ್ದವನು ಹಾಗೇ ನಿಂತ.

ಈಡಿತ್ ಪೆನ್ನು ಮುಂದೆ ಹಿಡಿದರು. ಹುಟ್ಟುಹಬ್ಬ ನಿನ್ನೆಯೇ ಮುಗಿಯಿತಲ್ಲ ಎಂದ ಕ್ರಾಬ್‌ಟ್ರೀ. ೧೯೪೦ರಲ್ಲೂ ಬಾಂಬಿನ ಗಲಾಟೆಯಲ್ಲಿ ಒಂದು ದಿನ ತಡವಾಗಿಯೇ ಬರೆದದ್ದು, ಬೇಕಾದರೆ ನೋಡಿಕೋ ಎಂದರು ಈಡಿತ್. ಅನಂತಪದ್ಮನಾಭರು ಗಂಟಲು ಸರಿಮಾಡಿಕೊಂಡು, ಅಕ್ಷರ ಶುರು ಮಾಡೋಕೆ ವಿಜಯದಶಮಿಗಿಂತ ಒಳ್ಳೆ ದಿನ ಇಲ್ಲ ಎಂದರು. ಉಮಾನಾಥರು ಪೆನ್ನು ತೆಗೆದುಕೊಂಡರು. ಕ್ರಾಬ್‌ಟ್ರೀ ಅಳತೆಯ ಟೇಪನ್ನು ಜೇಬಿನ ತಳಕ್ಕೆ ತಳ್ಳಿದ.

ಉಮಾನಾಥರು ಬರೆಯುವಷ್ಟು ಹೊತ್ತು ಕುಳಿತುಕೊಳ್ಳಲು ಅನಂತಪದ್ಮನಾಭರು ಬೀರಿನ ಪೀಪಾಯಿಗಳಿಲ್ಲದ ಜಾಗ ಹುಡುಕಿ ಸ್ನಗ್ಗಿನೊಳಗೆ ಹೋದರು. ಜಲಜಾ ತಡೆಯುವಷ್ಟರಲ್ಲಿ ತಡವಾಗಿತ್ತು. ನಾನು ಇಣುಕಿದಾಗ ಅವರು ಕೊಕ್ಕೆಯ ಮೇಲಿನ ಸ್ಟೀಲ್ ಲೋಟವೊಂದನ್ನು ತಿರುಗಿಸಿ, ಅದರ ಮೇಲೆ ಕೆತ್ತಿದ್ದ ಹೆಂಡತಿಯ ಹೆಸರನ್ನು ಓದುತ್ತಿದ್ದರು.

“ಎಷ್ಟು ವರ್ಷದಿಂದ?” ಎಂದು ಕೇಳಿದರು.

“ನಾಲ್ಕು,” ಎಂದರು ಜಲಜಾ. “ಶುಂಠಿ ಚಹಾ ಅಷ್ಟೇ ಕಣ್ರೀ. ಗೋಳಿಬಜೆ ಬಿಸಿ ಇರುತ್ತೆ.”

ಅವರು ಲೋಟವನ್ನು ಕೊಕ್ಕೆಗೆ ಮತ್ತೆ ಹಾಕಿ ಕುಳಿತರು. ವೀರಣ್ಣ ಗೋಳಿಬಜೆಗೆ ಎಣ್ಣೆ ಇಟ್ಟ.

ಉಮಾನಾಥರ ಮೊದಲ ಪುಟ ಇವತ್ತಿಗೂ ಆ ಗಾಜಿನ ಪೆಟ್ಟಿಗೆಯಲ್ಲಿದೆ, ಕನ್ನಡದಲ್ಲಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ. ನಾನು ಎಷ್ಟೋ ಸಲ ಓದಿದ್ದೇನೆ. ‘ಈ ವರ್ಷ ಪುಸ್ತಕ ಕಳವಾಗಿ ದೇವರ ಮನೆಯಲ್ಲಿ ಸಿಕ್ಕಿತು. ಕದ್ದವನಿಗೆ ಫಲಕ ಇಳಿಸುವ ಶಿಕ್ಷೆಯಾಯಿತು, ಅವನು ರಾತ್ರಿ ಇಲ್ಲೇ ಉಂಡ. ಕಾಂತಪ್ಪ ಎಂಬವ ಈ ಮನೆಗೆ ಎಂದೂ ಬಂದಿಲ್ಲ. ಲಾಸ್ ಆಲ್ಟೋಸಿನ ಡಾಕ್ಟರು ಬಂದರು, ಎರಡು ಪ್ಲೇಟು ಗೋಳಿಬಜೆ ತಿಂದರು. ಅವರಿಗೆ ಒಂದು ಲೋಟ ಮಾಡಿಸಬೇಕು.’